ಮಿಗ್-21ರ ಹಸಿರು ಕಿತ್ತ ಕಥೆ

ಪ್ಲಾಸ್ಟಿಕ್ ಮಾದರಿಗೆ ಸವೆದ ರೂಪ ಕೊಡಲು ಎರಡು ಬಣ್ಣಗಳ ನಡುವೆ ಹೇರ್ ಸ್ಪ್ರೇ ಹೊಡೆದು, ಆಮೇಲೆ ನೀರು ತಾಗಿಸಿ ಮೇಲಿನ ಬಣ್ಣವನ್ನು ಅಲ್ಲಲ್ಲಿ ಕೀಳುವುದುಂಟು. ಇದು ಟ್ಯಾಂಕ್ ಮಾದರಿ ಮಾಡುವವರಿಗೆ ಸರಿ, ವಿಮಾನಕ್ಕೆ ಬೇಡ, 1/48ರಲ್ಲಿ, ಅಂದರೆ ನಿಜದ ನಲವತ್ತೆಂಟನೇ ಒಂದು ಅಳತೆಯಲ್ಲಿ, ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ ಎಂದು ನಮ್ಮ ಬಳಗದ ಹಿರಿಯರು ಹೇಳುತ್ತಲೇ ಇದ್ದರು. ಎದ್ದದ್ದೂ ನಿಜ. ಈಗ ಅವರೇ ನನ್ನ ಮಿಗ್-21ರ ರೆಕ್ಕೆಯ ಬುಡವನ್ನು ಭೂತಕನ್ನಡಿ ಹಿಡಿದು ನೋಡುತ್ತಾರೆ.

ನನಗೆ ಬೇಕಿದ್ದದ್ದು 1971ರ ಎಫ್‌ಎಲ್, ನಮ್ಮ ವಾಯುಪಡೆಯ ಮಿಗ್-21ರ ಒಂದು ಬಗೆ. ಲೋಹದ ಬಣ್ಣದಲ್ಲೇ ಹಾರುತ್ತಿದ್ದ ಈ ವಿಮಾನಗಳಲ್ಲಿ ಕೆಲವಕ್ಕೆ ಯುದ್ಧದ ಹೊತ್ತಿಗೆ ಅವಸರದಲ್ಲಿ ಹಸಿರು ಬಳಿದರು. ಹಸಿರು ಸವೆದು ಬೆಳ್ಳಿ ಇಣುಕಬೇಕು. ಸ್ಪಂಜಿನಿಂದ ಬೆಳ್ಳಿ ಒತ್ತಿದರೆ ಅದು ಹಸಿರಿನ ಮೇಲೆ ಕೂತೇ ಕಾಣುತ್ತದೆ.

ಮೊದಲು ಹೇರ್ ಸ್ಪ್ರೇ ಬದಲಿಗೆ ಇದೇ ಕೆಲಸಕ್ಕೆಂದು ಮಾರುವ ವಿದೇಶಿ ಚಿಪ್ಪಿಂಗ್ ದ್ರವ ತರಿಸಿದೆ. ಒಂಬೈನೂರು ಚಿಲ್ಲರೆ ಕೊಟ್ಟ ಬಾಟಲಿ ಅರ್ಧ ಒಣಗಿ ಬಂತು. ಇನ್ನೂರೈವತ್ತರ ಹೇರ್ ಸ್ಪ್ರೇ ಡಬ್ಬಿಯಿಂದ ನೇರ ಹೊಡೆದರೆ ದಪ್ಪ ಹನಿ. ಬೆಂಗಳೂರಿನ ಆಗಸ್ಟ್ ಮಳೆಯಲ್ಲಿ ಮರುದಿನವೂ ಅಂಟು, ಮೇಲಿನ ಹಸಿರಿನಲ್ಲಿ ಬಿರುಕು. ಹಸಿರಿಗೆ ಲ್ಯಾಕರ್ ಥಿನ್ನರ್ ಬೆರೆಸಿದಾಗ ಎಷ್ಟು ಉಜ್ಜಿದರೂ ಜಗ್ಗಲಿಲ್ಲ, ಕೊನೆಗೆ ಬೆಳ್ಳಿಯೂ ಕಿತ್ತು ಬೂದು ಪ್ಲಾಸ್ಟಿಕ್ ಬಂತು. ಬಣ್ಣ, ಥಿನ್ನರ್, ಹಾಳಾದ ರೆಕ್ಕೆ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಹೋಗಿರಬೇಕು.

ಕೆಲಸಕ್ಕೆ ಬಂದದ್ದು ಹೀಗೆ. ಸ್ಪ್ರೇಯನ್ನು ಸ್ಟ್ರಾ ಮೂಲಕ ಲೋಟಕ್ಕೆ ಇಳಿಸಿ, ಗುಳ್ಳೆ ನಿಲ್ಲುವವರೆಗೆ ಬಿಟ್ಟು, 0.3 ಮಿಲಿಮೀಟರ್ ತೂತಿನ ಏರ್‌ಬ್ರಷ್‌ನಲ್ಲಿ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಇಪ್ಪತ್ತು ಪಿಎಸ್‌ಐ ಒತ್ತಡದ ಸುಮಾರಿಗೆ ಎರಡು ತೆಳು ಪದರ ಹೊಡೆದೆ. ಅಡಿಯ ಬೆಳ್ಳಿ ಲ್ಯಾಕರ್ ಒಂದು ಹಗಲು, ಒಂದು ರಾತ್ರಿ ಒಣಗಿರಲೇಬೇಕು. ಹಸಿರು ತಮಿಯಾ ಕಂಪನಿಯ ಅಕ್ರಿಲಿಕ್, ಬೆರೆಸಿದ್ದು ಬರೀ ನೀರು. ಅದು ಒಣಗಿ ಅರ್ಧ ಗಂಟೆಯೊಳಗೆ ಉಗುರುಬೆಚ್ಚಗಿನ ನೀರು ತಾಗಿಸಿ ಕಾಯಬೇಕು. ಹಸಿರಿನ ಹೊಳಪು ಬದಲಾದಾಗ ಕೂದಲು ಗಿಡ್ಡ ಕತ್ತರಿಸಿದ ಹಳೆಯ ಬ್ರಷ್‌ನಿಂದ ಕುಟ್ಟಬೇಕು, ಉಜ್ಜಬಾರದು. ನೀರಿಗೆ ಇನ್ನೊಂದು ವಸ್ತುವಿನ ಹನಿ ಸೇರಿಸುತ್ತೇನೆ. ಅಡುಗೆಮನೆಯಲ್ಲೇ ಸಿಗುತ್ತದೆ, ಅಷ್ಟು ಹೇಳಿದರೆ ಸಾಕು.

ವಾಯುಪಡೆಯ ವೃತ್ತಚಿಹ್ನೆಗೆ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಾದ ಚಿತ್ರ, ಬಳಸಲಿಲ್ಲ. ಡೆಕಾಲ್ ಸವೆಯುವುದಿಲ್ಲ, ಸುತ್ತಲಿನ ಹಸಿರು ಹರಿದಿದ್ದರೂ ಅದೊಂದು ಹೊಸದಾಗಿ ಮಿನುಗುತ್ತದೆ. ಮಾಸ್ಕ್ (ಬಣ್ಣ ತಾಗಬಾರದ ಕಡೆ ಮುಚ್ಚುವ ಅಚ್ಚುಹಾಳೆ) ಕತ್ತರಿಸಿ ಚಿಹ್ನೆಯನ್ನು ಹಸಿರಿನ ಮೇಲೆ ಚಿತ್ರಿಸಿ, ಎರಡೂ ಬಣ್ಣಗಳನ್ನು ಒಟ್ಟಿಗೆ ಕಿತ್ತೆ. ನಮ್ಮಲ್ಲಿ ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ನಡುವೆ ಎಂಜಿನ್ ಮಸಿಗೆ ಕಾಡಿಗೆ ಹಚ್ಚಿ ನೋಡಿದೆ. ಒಣಗುವುದೇ ಇಲ್ಲ, ಬೆರಳಚ್ಚು ಉಳಿಯುತ್ತದೆ. ಚಕ್ರದ ಧೂಳಿಗೆ ರಂಗೋಲಿ ಪುಡಿಯೂ ಆಗದು: ಅರ್ಧ ಮಿಲಿಮೀಟರ್ ಕಾಳು ಈ ಅಳತೆಯಲ್ಲಿ ಸುಮಾರು ಎರಡೂವರೆ ಸೆಂಟಿಮೀಟರಿನ ಜಲ್ಲಿ! ಬಟ್ಟೆಯಲ್ಲಿ ಸೋಸಿದ ಕಾವಿ ಪುಡಿ ಮಾತ್ರ ಚೆನ್ನಾಗಿ ಕೂತಿತು.

ಕಿತ್ತಾದ ಮೇಲೆ ನೀರಿನ ವಾರ್ನಿಷ್ ಹೊಡೆಯಬೇಡಿ, ಅಡಿಯ ಸ್ಪ್ರೇ ಮತ್ತೆ ಕರಗುತ್ತದೆ. ಲ್ಯಾಕರ್ ಮ್ಯಾಟ್ ಅನ್ನೇ ದೂರದಿಂದ, ತೆಳುವಾಗಿ ಹೊಡೆಯಿರಿ. ಪ್ಯಾನೆಲ್ ಗೆರೆಗಳಿಗೆ ಕ್ಯಾಮೆಲ್ ತೈಲವರ್ಣದ ಬರ್ನ್ಟ್ ಅಂಬರ್ ಸಾಕು. ರಟ್ಟಿನ ಮೇಲೆ ಗಂಟೆ ಹೊತ್ತು ಬಿಟ್ಟು ಎಣ್ಣೆ ಹೀರಿಸಿ, ಟರ್ಪೆಂಟೈನ್‌ನಲ್ಲಿ ಕದಡಿದರೆ ಗೆರೆಗಳಿಗೆ ಹರಿಸುವ ತೆಳು ಬಣ್ಣವಾದ ವಿದೇಶಿ ವಾಷ್‌ನ ದುಡ್ಡು ಉಳಿಯುತ್ತದೆ.