ಮಗುವಿಗೆ ಕಿಡ್ನಿ ಕಸಿ ಬೇಕಾದರೆ ವಿಮೆ ಸಿಗುತ್ತದಾ? ಕಾಸರಗೋಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಇಲ್ಲಿ ಮನೆ ಮಾಡಿದರೆ ರೇಷನ್ ಕಾರ್ಡ್ ಕೇರಳದ್ದು, ದೊಡ್ಡ ಆಸ್ಪತ್ರೆ ಮಂಗಳೂರಿನದ್ದು. ಜ್ವರಕ್ಕೆ, ಹೆರಿಗೆಗೆ ಇದು ಹೇಗೋ ನಡೆಯುತ್ತದೆ. ಮಗುವಿಗೆ ಕಿಡ್ನಿ ಕಸಿ ಎಂದ ಕೂಡಲೇ ಕೌಂಟರಿನಲ್ಲಿ ಕೇಳುವುದು, "ಯಾವ ರಾಜ್ಯದ ಕಾರ್ಡ್?"

ಕೇರಳದ ಯೋಜನೆಯ ಹೆಸರು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ. ಆಯುಷ್ಮಾನ್ ಭಾರತದ ಜೊತೆ ಸೇರಿದ್ದು, ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯ ಪಟ್ಟಿಯಲ್ಲೋ ಹಳೆಯ ಸರಕಾರಿ ವಿಮೆಯ ಪಟ್ಟಿಯಲ್ಲೋ ಕುಟುಂಬದ ಹೆಸರು ಇರಬೇಕು. ಮದುವೆಯಾಗಿ ಬಂದವರು ಗಂಡನ ಮನೆಯ ಕಾರ್ಡ್ ನೋಡಿ, ಮಗುವಿನ ಹೆಸರನ್ನು ಬೇಗ ರೇಷನ್ ಕಾರ್ಡಿಗೆ ಸೇರಿಸಿ. ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಆಗುತ್ತದೆ. ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಜೋಪಾನ ಮಾಡಿ. ಅದು ಬೇರೆ ರಾಜ್ಯದಲ್ಲೂ ನಡೆಯುತ್ತದೆ, ಆದರೆ ಆ ಆಸ್ಪತ್ರೆಯಲ್ಲಿ ಕಸಿಗೂ ನಡೆಯುತ್ತದಾ ಎಂದು ಅಡ್ಮಿಟ್ ಆಗುವ ಮೊದಲೇ ಕೇಳಬೇಕು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಚಿಕಿತ್ಸೆಗೆ ದುಡ್ಡು ಕೊಡುವ ಸರಕಾರಿ ನಿಧಿ, ಕಾರುಣ್ಯ ಬೆನೆವಲೆಂಟ್ ಫಂಡ್ ಇದೆ. ಕುಟುಂಬದ ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಇರಬೇಕು. 2012ರಲ್ಲಿ ಕೇರಳ ಸರಕಾರದ ಲಾಟರಿ ದುಡ್ಡಿನಿಂದ ಶುರುವಾದದ್ದು. ಇಲ್ಲಿಯವರ ಲಾಟರಿ ಹುಚ್ಚು ನೋಡಿ ನಗುವ ಮೊದಲು ಇದು ನೆನಪಿರಲಿ! ಮಾಹಿತಿಗೆ ಕೇರಳದ ದಿಶಾ ಸಹಾಯವಾಣಿ, 1056.

ಸಂಬಳ 21,000 ರೂಪಾಯಿಯ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ನೋಡಿ. ಕೇರಳ ಸರಕಾರದ ನೌಕರರಿಗೆ, ಅಂದರೆ ಇಲ್ಲಿನ ಸರಕಾರಿ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೂ, 2022ರಿಂದ ಮೆಡಿಸೆಪ್ ಎಂಬ ಆರೋಗ್ಯ ವಿಮೆ ಇದೆ.

ಜಾಸ್ತಿ ಜನ ಸಿಕ್ಕಿಬೀಳುವುದು ಖಾಸಗಿ ಪಾಲಿಸಿಯಲ್ಲಿ. ಮಕ್ಕಳ ಕಿಡ್ನಿ ಕೆಡಲು ಹುಟ್ಟಿನಿಂದ ಬಂದ ದೋಷವೇ ಹಲವು ಸಲ ಕಾರಣ. ಮೂತ್ರದ ದಾರಿಯಲ್ಲಿ ಅಡ್ಡ ಇರುತ್ತದೆ, ಇಲ್ಲವೇ ಕಿಡ್ನಿಯೇ ಸರಿಯಾಗಿ ಬೆಳೆದಿರುವುದಿಲ್ಲ. ಪಾಲಿಸಿ ಮಾಡಿಸುವಾಗ ಅದು ಗೊತ್ತಿದ್ದರೆ 'ಮೊದಲೇ ಇದ್ದ ಕಾಯಿಲೆ' ಎಂದು ಲೆಕ್ಕ. 2024ರ ಏಪ್ರಿಲ್‌ನಿಂದ ಅದಕ್ಕೆ ಕ್ಲೇಮ್ ಕೊಡದೆ ಕಾಯಿಸುವ ಅವಧಿ ಹೆಚ್ಚೆಂದರೆ 36 ತಿಂಗಳು. ಮೊದಲು 48 ಇತ್ತು. ಏಜೆಂಟ್ "ಸುಮ್ನೆ ಬರೀಬೇಡಿ" ಎಂದರೂ ಸ್ಕ್ಯಾನ್‌ನಲ್ಲಿ ಕಂಡದ್ದನ್ನೆಲ್ಲ ಫಾರ್ಮ್‌ನಲ್ಲಿ ಬರೆಯಿರಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಕ್ಲೇಮ್ ಹೋಯಿತು, ಏಜೆಂಟ್ ಫೋನ್ ಎತ್ತುವುದಿಲ್ಲ. ಕೆಲಸ ಕೊಟ್ಟ ಕಂಪನಿ ನೌಕರರಿಗೆಲ್ಲ ಒಟ್ಟಾಗಿ ಮಾಡಿಸುವ ಗ್ರೂಪ್ ಪಾಲಿಸಿಗಳಲ್ಲಿ ಎಷ್ಟೋ ಸಲ ಈ ಕಾಯುವಿಕೆ ಇರುವುದಿಲ್ಲ. ಅದಕ್ಕೇ, ಇಂಥ ಮಗು ಇರುವವರು ಕೆಲಸ ಬಿಡುವ ಮೊದಲು ಎರಡು ಸಲ ಯೋಚಿಸಿ.

ಕಿಡ್ನಿ ಕೊಡುವವರ ವಿಷಯ ಬೇರೆ. ಕಾನೂನಿನ ಪ್ರಕಾರ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. ಚಿಕ್ಕಪ್ಪ, ಸೋದರಮಾವ ಆ ಪಟ್ಟಿಯಲ್ಲಿಲ್ಲ. ಅವರು ಕೊಡುವುದಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು. 18 ತುಂಬದ ಅಣ್ಣ, ಅಕ್ಕ ಕೊಡುವ ಹಾಗಿಲ್ಲ. ದಾನಿಯ ಆಪರೇಷನ್ ಖರ್ಚನ್ನು ಹಲವು ಪಾಲಿಸಿಗಳು ಮಗುವಿನ ಪಾಲಿಸಿಯಲ್ಲೇ ಕೊಡುತ್ತವೆ. ಅದಕ್ಕೆ ಮೊದಲು ಮಾಡಿಸುವ ಟೆಸ್ಟುಗಳ ಖರ್ಚು ಹೆಚ್ಚಾಗಿ ನಿಮ್ಮದೇ.

ಕಸಿಯಾದ ಮೇಲೆ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಮಾತ್ರೆ ದಿನವೂ ಬೇಕು, ಆ ಕಿಡ್ನಿ ಕೆಲಸ ಮಾಡುತ್ತಿರುವಷ್ಟು ಕಾಲವೂ. ಡಿಸ್ಚಾರ್ಜ್ ಆದ ಮೇಲೆ ಎಷ್ಟು ದಿನದ ಔಷಧ ಪಾಲಿಸಿಯಲ್ಲಿ ಬರುತ್ತದೆ ಎಂದು ವಿಮಾ ಕಂಪನಿಗೆ ಇಮೇಲ್ ಮಾಡಿ, ಉತ್ತರವನ್ನು ಪ್ರಿಂಟ್ ತೆಗೆದು ಮಗುವಿನ ಫೈಲಿನಲ್ಲಿಡಿ.