ಕಿಲಿಮಂಜಾರೋಗೆ ಮೊದಲು ಕುಮಾರಪರ್ವತ

ಅಮ್ಮ ಕೊನೆಯ ಎರಡು ತಿಂಗಳು ಕಳೆದದ್ದು ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರವೊಂದರಲ್ಲಿ. ಅಲ್ಲಿ ನಮ್ಮಿಂದ ಒಂದು ರೂಪಾಯಿಯನ್ನೂ ತಗೊಳ್ಳಲಿಲ್ಲ. ಆ ಋಣ ಮನಸ್ಸಿನಲ್ಲಿ ಕೊರೆಯುತ್ತಿದ್ದಾಗ, ಅದೇ ಕೇಂದ್ರಕ್ಕೆ ಹಣ ಕೂಡಿಸಲು ಆಫ್ರಿಕಾದ ಅತಿ ಎತ್ತರದ ಪರ್ವತ ಕಿಲಿಮಂಜಾರೋ ಹತ್ತಲು ಹೊರಟಿದ್ದ ಒಂಬತ್ತು ಜನರ ತಂಡ ಸಿಕ್ಕಿತು. ನನಗಾಗ 46 ವರ್ಷ, ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಪ್ರಯಾಣದ ಖರ್ಚು ಪೂರ್ತಿ ನಮ್ಮ ಕೈಯಿಂದ, ದಾನಿಗಳು ಕೊಟ್ಟದ್ದೆಲ್ಲ ಕೇಂದ್ರಕ್ಕೆ. ಈ ನಿಯಮ ಇಲ್ಲದಿದ್ದರೆ ನಾನು ಸೇರುತ್ತಲೇ ಇರಲಿಲ್ಲ.

ಫೆಬ್ರುವರಿಯಲ್ಲಿ ಹತ್ತುವುದು, ಆಗಸ್ಟಿನಿಂದ ತಯಾರಿ. ತಂಡದಲ್ಲಿ ಪಳಗಿದವರು ಇಬ್ಬರು: ಹಿಮಾಲಯದಲ್ಲಿ ಮೂವತ್ತು ವರ್ಷ ಓಡಾಡಿದ ನಿವೃತ್ತ ಮೇಷ್ಟ್ರು, ಮತ್ತು ಕಿಲಿಮಂಜಾರೋ ಎರಡು ಸಲ ಹತ್ತಿಬಂದ, ನಾವೆಲ್ಲ ‘ಅಕ್ಕ’ ಅನ್ನುವ ಒಬ್ಬರು. ಪ್ರತಿ ಭಾನುವಾರ ಸುಲ್ತಾನಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು. ಮೊದಲ ದಿನ ನೂರು ಮೆಟ್ಟಿಲು ದಡದಡ ಹತ್ತಿ ಏದುಸಿರು ಬಿಡುತ್ತಾ ನಿಂತೆ. “ಮಾತಾಡ್ಕೊಂಡು ಹತ್ತಿ. ಮಾತು ನಿಲ್ತು ಅಂದ್ರೆ ಜೋರಾಗಿ ಹೋಗ್ತಿದೀರಿ ಅಂತ,” ಅಂದರು ಮೇಷ್ಟ್ರು. ಹಿಂದಿನ ಕಾಲಿನ ಮಂಡಿಯನ್ನು ನೆಟ್ಟಗೆ ಮಾಡಿ, ಮೈಭಾರವನ್ನೆಲ್ಲ ಆ ಕಾಲಿಗೆ ಬಿಟ್ಟು, ಒಂದು ಕ್ಷಣ ತಡೆದು ಮುಂದಿನ ಹೆಜ್ಜೆ ಇಡುವುದನ್ನು ಕಲಿಸಿದರು. ಚೀಲದಲ್ಲಿ ಎಂಟು ಲೀಟರ್ ನೀರು ಹೊತ್ತು ಹತ್ತುತ್ತಿದ್ದೆವು. ಮೇಲೆ ಅದನ್ನು ಗಿಡಗಳಿಗೆ ಸುರಿದು, ಮಂಡಿಗೆ ಭಾರ ಬೀಳದ ಹಾಗೆ ಹಗುರಾಗಿ ಇಳಿಯುತ್ತಿದ್ದೆವು.

ಡಿಸೆಂಬರಿನಲ್ಲಿ ಕುಮಾರಪರ್ವತ. ಎತ್ತರ 1,712 ಮೀಟರ್. ಕುಕ್ಕೆಯಿಂದ ಹೊರಟರೆ 1,500 ಮೀಟರಿಗೂ ಮಿಕ್ಕಿ ಏರಬೇಕು, ಅಷ್ಟನ್ನೂ ಅದೇ ದಿನ ಇಳಿಯಬೇಕು. ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಶಿಖರದ ಕೆಳಗಿನ ಶೇಷಪರ್ವತದಿಂದ ಇಳಿಯುವಾಗ ಕಾಲ್ಬೆರಳು ಶೂ ತುದಿಗೆ ಒಂದೇ ಸಮನೆ ಗುದ್ದತೊಡಗಿತು. ಕಲ್ಲುಮಂಟಪ ದಾಟಿದರೂ ಬಾಯಿ ಬಿಡಲಿಲ್ಲ. ಗಿರಿಗದ್ದೆಯಲ್ಲಿ ನನ್ನ ನಡಿಗೆ ನೋಡಿ ಅಕ್ಕ ಕೂರಿಸಿ ಶೂ ಬಿಚ್ಚಿಸಿದರು. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸು ಚರ್ಮಕ್ಕೆ ಅಂಟಿಕೊಂಡಿತ್ತು. ಅದನ್ನು ನೀರು ಹಾಕಿ ಬಿಡಿಸುತ್ತಾ ಕೇಳಿದರು:

“ಯಾವಾಗಿಂದ?”

“ಶೇಷಪರ್ವತದಿಂದ.”

“ಯಾಕೆ ಹೇಳ್ಲಿಲ್ಲ?”

“ನಿಮಗೆಲ್ಲ ತಡ ಆಗುತ್ತೆ ಅಂತ ಅಕ್ಕ.”

“ಇಲ್ಲಿ ಬಚ್ಚಿಟ್ರೆ ಉಗುರು ಹೋಗುತ್ತೆ. ಅಲ್ಲಿ ತಲೆನೋವು ಬಚ್ಚಿಟ್ರೆ ಜೀವ ಹೋಗುತ್ತೆ ಕಣೇ.”

ಆಮೇಲೆ ಇಳಿಜಾರಿಗೆ ಲೇಸು ಕಟ್ಟುವುದನ್ನು ತೋರಿಸಿಕೊಟ್ಟರು. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಶೂ ಹಿಂಬದಿಗೆ ಕೂರಿಸಬೇಕು. ಕೊನೆಯ ಎರಡು ತೂತುಗಳ ನಡುವೆ ಲೇಸಿನ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರಲ್ಲಿ ತೂರಿಸಿ ಎಳೆಯಬೇಕು. ಹಾಗೆ ಬಿಗಿದರೆ ಪಾದ ಮುಂದಕ್ಕೆ ಜಾರುವುದಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ಇನ್ನೊಂದು ಮಾತು ಹೇಳಿದರು. ದಾನಕ್ಕಾಗಿ ಹತ್ತುವವರೇ ನೋವು ಹೆಚ್ಚು ಬಚ್ಚಿಡುವುದಂತೆ. ಇಷ್ಟು ಜನ ದುಡ್ಡು ಕೊಟ್ಟಿದ್ದಾರೆ, ಹೇಗೆ ತಿರುಗುವುದು ಅನ್ನುವ ಸಂಕೋಚ. ಅದು ನನ್ನ ಬಗ್ಗೆಯೇ ಆಡಿದ ಮಾತಿನಂತಿತ್ತು. ಆ ವಾರವೇ ಕೂಡಿದ್ದ ಹಣವನ್ನೆಲ್ಲ ಕೇಂದ್ರಕ್ಕೆ ಕಟ್ಟಿ, ದಾನಿಗಳಿಗೆ ಬರೆದೆ: “ನಾನು ಶಿಖರ ಮುಟ್ಟಲಿ ಬಿಡಲಿ, ನಿಮ್ಮ ಹಣ ಇವತ್ತೇ ತಲುಪಿದೆ.” ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ‘ತುದಿ ಮುಟ್ಟಿದರೆ ಕೊಡುತ್ತೇನೆ’ ಅನ್ನುವ ದಾನವನ್ನು ಯಾರೂ ಒಪ್ಪಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಲು, ಮಂಡಿ, ಉಸಿರಿನ ಲಯವನ್ನು ನಮ್ಮ ಬೆಟ್ಟಗಳು ಪಳಗಿಸುತ್ತವೆ. ಎತ್ತರದ ತೆಳು ಗಾಳಿಯನ್ನು ಮಾತ್ರ ಅವು ಕಲಿಸಲಾರವು. ಕಿಲಿಮಂಜಾರೋಗೆ ನಾವು ಹತ್ತಿದ ಮಚಾಮೆ ದಾರಿಯಲ್ಲಿ ಲಾವಾ ಟವರ್ ಅನ್ನುವ ದೊಡ್ಡ ಬಂಡೆ ಸುಮಾರು 4,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ತಲೆ ಸಿಡಿಯತೊಡಗಿದಾಗ ತಕ್ಷಣ ಅಕ್ಕನಿಗೆ ಹೇಳಿದೆ. ಆ ದಾರಿಯ ಕ್ರಮವೇ ಮೇಲೆ ಹತ್ತಿ ಕೆಳಗೆ ಮಲಗುವುದು. 4,000 ಮೀಟರಿಗಿಂತ ಕೆಳಗಿನ ಬರಾಂಕೊ ಶಿಬಿರಕ್ಕೆ ಇಳಿದ ಮೇಲೆ ನೋವು ಕರಗಿತು. ಗೈಡುಗಳು “ಪೋಲೆ ಪೋಲೆ” ಅನ್ನುತ್ತಿದ್ದರು. ಸ್ವಾಹಿಲಿಯಲ್ಲಿ ‘ನಿಧಾನ, ನಿಧಾನ’ ಅಂತ. ನಂದಿಬೆಟ್ಟದಲ್ಲೇ ಮೇಷ್ಟ್ರು ಹೇಳಿದ್ದು ಅದನ್ನೇ.

ಕೊನೆಯ ಏರು ಬರಾಫು ಶಿಬಿರದಿಂದ, ನಡುರಾತ್ರಿಗೆ. ಶಿಖರ ಉಹುರು 5,895 ಮೀಟರ್, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. 5,756 ಮೀಟರಿನ ಸ್ಟೆಲ್ಲಾ ಪಾಯಿಂಟ್ ತಲುಪುವಾಗ ಬೆಳಕು ಹರಿಯುತ್ತಿತ್ತು. ನನ್ನ ಕಾಲು ಒಂದಕ್ಕೊಂದು ತೊಡರುತ್ತಿತ್ತು. ಎತ್ತರದ ಗಾಳಿ ತಲೆಗೆ ಏರಿದೆಯೇ ಎಂದು ನೋಡಲು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳ ತುದಿಗೆ ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಲು ಅಕ್ಕ ಹೇಳಿದರು. ನಾಲ್ಕನೆಯದಕ್ಕೇ ವಾಲಿದೆ. ಅವರು ಕೇಳುವ ಮೊದಲೇ ಹೇಳಿದೆ, “ನನಗೆ ಆಗ್ತಿಲ್ಲ ಅಕ್ಕ. ತಿರುಗ್ತೀನಿ.” ಇನ್ನು 139 ಮೀಟರ್ ಏರಿದ್ದರೆ ಶಿಖರ. ಅಳು ಬಂತು, ಅತ್ತೆ.

ಸಹಾಯಕ ಗೈಡ್ ಒಬ್ಬರು ನನ್ನ ತೋಳು ಹಿಡಿದು ಇಳಿಸಿದರು. ಬರಾಫು ಮುಟ್ಟುವಷ್ಟರಲ್ಲಿ ತಲೆ ತಿಳಿಯಾಯಿತು. ಅಲ್ಲಿ ಕೂತು ಹಿಮ್ಮಡಿ ಕುಟ್ಟಿ, ಕುಣಿಕೆ ಹಾಕಿ, ಲೇಸು ಬಿಗಿದೆ. ಸಂಜೆಗೆ ಸುಮಾರು 3,100 ಮೀಟರಿನ ಮ್ವೇಕಾ ಶಿಬಿರ. ಒಂದೇ ದಿನ 2,600 ಮೀಟರ್ ಇಳಿದಿದ್ದೆ. ಡೇರೆಯಲ್ಲಿ ಸಾಕ್ಸು ಬಿಚ್ಚಿ ನೋಡಿಕೊಂಡೆ. ಕುಮಾರಪರ್ವತದಲ್ಲಿ ಕಪ್ಪಾಗಿದ್ದ ಉಗುರಿನ ಬುಡದಲ್ಲಿ ಹೊಸದು ಬೆಳ್ಳಗೆ ಮೂಡಿತ್ತು, ಉಳಿದ ಒಂಬತ್ತೂ ನೆಟ್ಟಗಿದ್ದವು.