ಮಕಾಸರ್‌ಗೆ ಬರುವ ಕನ್ನಡಿಗರೇ, ಮೊದಲು ವಿಳಾಸ ಸರಿಯಾಗಿ ನೋಡಿಕೊಳ್ಳಿ

ಇಂಡೋನೇಷ್ಯಾದ ಮಕಾಸರ್‌ಗೆ ಕೆಲಸಕ್ಕೋ ಓದುವುದಕ್ಕೋ ಬರುತ್ತಿದ್ದೀರಾ? ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಪೂರ್ತಿ ವಿಳಾಸ ಬರೆಸಿಕೊಳ್ಳಿ. ರಸ್ತೆಯ ಹೆಸರೊಂದೇ ಸಾಲದು. ಆರ್‌ಟಿ (ಒಂದಷ್ಟು ಮನೆಗಳ ಗುಂಪು), ಆರ್‌ಡಬ್ಲ್ಯೂ (ಕೆಲವು ಆರ್‌ಟಿ ಸೇರಿದ್ದು), ಕೆಲುರಾಹನ್ (ನಮ್ಮ ವಾರ್ಡ್ ಥರ), ಕೆಚಾಮಾತನ್ (ನಮ್ಮ ತಾಲ್ಲೂಕಿನ ಥರ), ಇಷ್ಟೂ ಬೇಕು. ಮುಂದಿನ ಎಷ್ಟೋ ಕಾಗದಪತ್ರ ಇದರ ಮೇಲೇ ನಿಂತಿದೆ.

ನಮ್ಮಲ್ಲಿ ಪಾಲಿಕೆ ಜಿಲ್ಲೆಯ ಒಳಗೇ ಇರುತ್ತದೆ, ಜಿಲ್ಲೆಗೆ ಡಿಸಿ ಇರುತ್ತಾರೆ ಅಲ್ವಾ? ಇಲ್ಲಿ ಹಾಗಿಲ್ಲ. ದೊಡ್ಡ ಊರು ಅಂದರೆ ಕೋತ, ಉಳಿದ ಜಿಲ್ಲೆ ಅಂದರೆ ಕಬುಪಾತೆನ್. ಎರಡೂ ಸರಿಸಮ, ಎರಡರ ಮೇಲೂ ಪ್ರಾಂತ್ಯ. ಕೋತದ ಮುಖ್ಯಸ್ಥ ವಾಲಿಕೋತ, ಕಬುಪಾತೆನ್‌ನ ಮುಖ್ಯಸ್ಥ ಬುಪಾತಿ, ಇಬ್ಬರನ್ನೂ ಜನರೇ ನೇರವಾಗಿ ಆರಿಸುತ್ತಾರೆ. 2001ರಲ್ಲಿ ವಿಕೇಂದ್ರೀಕರಣ ಜಾರಿಗೆ ಬಂದ ಮೇಲೆ ದಿನನಿತ್ಯದ ಬಹಳಷ್ಟು ಕೆಲಸ ಇವರ ಕೈಗೇ ಬಂದಿದೆ. ವೀಸಾ, ಕಿತಾಸ್ (ತಾತ್ಕಾಲಿಕ ವಾಸದ ಪರವಾನಗಿ) ಮಾತ್ರ ಕೇಂದ್ರದ ಇಮಿಗ್ರೇಷನ್‌ನವರದ್ದು. ಕಿತಾಸ್ ಸಿಕ್ಕ ಮೇಲೆ ಮಾಡಿಸಬೇಕಾದ ವಾಸದ ಪತ್ರ ಎಸ್‌ಕೆಟಿಟಿ ಕೊಡುವುದು ಸ್ಥಳೀಯ ದುಕ್‌ಚಾಪಿಲ್, ಅಂದರೆ ಜನರ ನೋಂದಣಿ ಕಚೇರಿ.

ಎಡವಟ್ಟಾಗುವುದು ಇಲ್ಲೇ. ಮಕಾಸರ್ ಬೆಳೆದು ಬೆಳೆದು ಪಕ್ಕದ ಗೋವಾ (ನಮ್ಮ ಗೋವಾ ಅಲ್ಲ) ಮತ್ತು ಮಾರೋಸ್ ಕಬುಪಾತೆನ್‌ಗಳಿಗೆ ಅಂಟಿಕೊಂಡಿದೆ, ರಸ್ತೆಯಲ್ಲಿ ಹೋಗುವವರಿಗೆ ಗಡಿ ಗೊತ್ತೇ ಆಗುವುದಿಲ್ಲ. ಮಕಾಸರ್‌ನ ಸುಲ್ತಾನ್ ಹಸನುದ್ದೀನ್ ವಿಮಾನ ನಿಲ್ದಾಣವೇ ಇರುವುದು ಮಾರೋಸ್‌ನಲ್ಲಿ! ಮನೆ ಗೋವಾ ಕಡೆ ಸಿಕ್ಕಿದರೆ ನೀವು ಹೋಗಬೇಕಾದ್ದು ಗೋವಾದ ಕಚೇರಿಗೆ. ಮಕಾಸರ್ ಕಚೇರಿಯಲ್ಲಿ ಸುಮ್ನೆ ಕಾದು ಕೂರಬೇಡಿ.

ಇನ್ನು ಆರ್‌ಟಿ. ಒಂದಷ್ಟು ಮನೆಗಳಿಗೆ ಒಬ್ಬ ಮುಖ್ಯಸ್ಥರು. ಅವರು ಆಫೀಸರ್ ಅಲ್ಲ, ಅದೇ ಓಣಿಯಲ್ಲಿ ಇರುವವರು. 'ಪಾಕ್ ಆರ್‌ಟಿ' ಅನ್ನಿ, ಹೆಂಗಸಾದರೆ 'ಬು ಆರ್‌ಟಿ'. ಓಣಿಯ ಬಾಯಲ್ಲಿ ಎಷ್ಟೋ ಕಡೆ ಒಂದು ಬೋರ್ಡ್ ಇರುತ್ತದೆ: ಹೊರಗಿನಿಂದ ಬಂದವರು 24 ಗಂಟೆಯೊಳಗೆ ತಿಳಿಸಬೇಕು ಅಂತ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಮಾಲೀಕರನ್ನು ಜೊತೆಗೆ ಕರೆದುಕೊಂಡು, ಪಾಸ್‌ಪೋರ್ಟ್ ಮತ್ತು ಕಿತಾಸ್ ಜೆರಾಕ್ಸ್ ಹಿಡಿದು, ಸಂಜೆ ಹೊತ್ತು ಅವರ ಮನೆಗೇ ಹೋಗಿ ಪರಿಚಯ ಮಾಡಿಕೊಳ್ಳಿ. ಕೆಲುರಾಹನ್‌ನಲ್ಲಿ ಏನೇ ಕೆಲಸವಿರಲಿ, ಸಾಮಾನ್ಯವಾಗಿ ಮೊದಲು ಕೇಳುವುದು ಇವರ ಪತ್ರವನ್ನೇ.

ಈ ಊರನ್ನು ಬರೀ ದಕ್ಷಿಣ ಸುಲಾವೆಸಿಯ ರಾಜಧಾನಿ ಅಂದುಕೊಂಡರೆ ಇಲ್ಲಿನ ಜನಸಂದಣಿ ಅರ್ಥವಾಗುವುದಿಲ್ಲ. ಇಡೀ ಪೂರ್ವ ಇಂಡೋನೇಷ್ಯಾಕ್ಕೆ ಇದೇ ಹೆಬ್ಬಾಗಿಲು. ಮಲುಕು, ಪಪುವಾ ಕಡೆ ಹೋಗುವ ಸರ್ಕಾರಿ ಕಂಪನಿ ಪೆಲ್ನಿಯ ಎಷ್ಟೋ ಹಡಗುಗಳು ಇಲ್ಲಿನ ಬಂದರು ಮುಟ್ಟಿಕೊಂಡೇ ಹೋಗುತ್ತವೆ. ಜಕಾರ್ತದಿಂದ ಪಪುವಾಕ್ಕೆ ಹೋಗುವವರು ಎಷ್ಟೋ ಜನ ಇಲ್ಲೇ ವಿಮಾನ ಬದಲಿಸುತ್ತಾರೆ. ಟಿಕೆಟ್‌ನಲ್ಲಿ ಯುಪಿಜಿ ಅಂತ ಇದ್ದರೆ ಗಾಬರಿ ಬೇಡ, 1971ರಿಂದ 1999ರವರೆಗೆ ಊರಿಗೆ ಉಜುಂಗ್ ಪಾಂಡಾಂಗ್ ಅಂತ ಹೆಸರಿತ್ತು, ಕೋಡ್ ಹಾಗೇ ಉಳಿದಿದೆ. ಗಡಿಯಾರ ಜಕಾರ್ತಕ್ಕಿಂತ ಒಂದು ಗಂಟೆ ಮುಂದೆ, ನಮ್ಮೂರಿಗಿಂತ ಎರಡೂವರೆ ಗಂಟೆ ಮುಂದೆ.

ಆಸ್ಪತ್ರೆಯ ವಿಷಯದಲ್ಲಿ ಈ ಜನಸಂದಣಿ ನಿಮಗೂ ತಟ್ಟುತ್ತದೆ. ತಮಲಾನ್ರೆಯಾದ ವಾಹಿದಿನ್ ಸುದಿರೋಹುಸೋದೋ ಸರ್ಕಾರಿ ಆಸ್ಪತ್ರೆಗೆ ದೂರದ ದ್ವೀಪಗಳಿಂದಲೂ ರೋಗಿಗಳನ್ನು ಕಳಿಸುತ್ತಾರೆ. ಕನಿಷ್ಠ 6 ತಿಂಗಳು ಕೆಲಸ ಮಾಡುವ ವಿದೇಶಿಯರೂ ಸರ್ಕಾರದ ಆರೋಗ್ಯ ವಿಮೆ ಬಿಪಿಜೆಎಸ್‌ಗೆ ಸೇರಲೇಬೇಕು. ಆದರೆ ಕಾರ್ಡ್ ಇದೆ ಅಂತ ನೇರ ದೊಡ್ಡಾಸ್ಪತ್ರೆಗೆ ಹೋದರೆ ನಡೆಯುವುದಿಲ್ಲ. ನಿಮ್ಮ ಹೆಸರು ನೋಂದಾಯಿಸಿರುವ ಪುಸ್ಕೆಸ್‌ಮಾಸ್ (ಸರ್ಕಾರಿ ಆರೋಗ್ಯ ಕೇಂದ್ರ) ಅಥವಾ ಕ್ಲಿನಿಕ್‌ಗೆ ಮೊದಲು ಹೋಗಿ, ಅಲ್ಲಿಂದ ಚೀಟಿ ತರಬೇಕು. ಆ ಕ್ಲಿನಿಕ್ ಮನೆ ಹತ್ತಿರದ್ದೇ ಇರಲಿ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಚೀಟಿ ಬೇಡ, ಹತ್ತಿರದ ಆಸ್ಪತ್ರೆಯ ಐಜಿಡಿ (ತುರ್ತು ಚಿಕಿತ್ಸೆ) ವಿಭಾಗಕ್ಕೆ ನೇರ ಹೋಗಿ.